ಪಡಸಾಲೆ ಇಲ್ಲದ ನಕಾಶೆ

ಹೋದ ವರ್ಷ ಯುಗಾದಿ ಮುಗಿದ ಮೇಲೆ ನಮ್ಮ ಹಳೇ ಮನೆ ಬಿಚ್ಚಿದೆವು. ನಮ್ಮ ಅಕ್ಕಲಕೋಟೆ ಸೀಮೆಯಲ್ಲಿ ಮಾಳಿಗೆ ಮನೆಯನ್ನು ಯಾರೂ ಕೆಡವುವುದಿಲ್ಲ, ಬಿಚ್ಚುತ್ತಾರೆ. ತೊಲೆ ಒಂದು ಕಡೆ, ಜಂತಿ ಒಂದು ಕಡೆ, ಕಂಬ, ಚೌಕಟ್ಟು, ಕಲ್ಲು, ಕಡೆಗೆ ಮೇಲ್ಮುದ್ದೆಯ ಮಣ್ಣು ಸಹಿತ ಒಂದು ಕಡೆ. ಏಳು ಅಂಕಣದ ಮನೆ ಬಿಚ್ಚಲು ಹದಿನೆಂಟು ದಿನ ಹಿಡಿಯಿತು. ಕಟ್ಟಿದವರು ನಮ್ಮ ಮುತ್ತ್ಯಾನ ಅಪ್ಪ ಅಂತ ಹೇಳುತ್ತಾರೆ. ಅದಕ್ಕೆ ಕಾಗದಪತ್ರ ಏನೂ ಇಲ್ಲ. ಕಾಗದದಲ್ಲಿ ಇರುವುದು ಇಷ್ಟೇ: ಮರಾಠಿಯಲ್ಲಿ ಬರೆದ ಒಂದು ವಾಟಣಿ ಪತ್ರ, ಅದರಲ್ಲಿ ‘ಖಣ ಏಳು’ ಅಂತ. ಅವರ ಖಣವೇ ನಮ್ಮ ಅಂಕಣ. ಎರಡು ಕಂಬಸಾಲಿನ ನಡುವಿನ ಜಾಗ. ಮನೆಯನ್ನು ಕೋಣೆಯಿಂದ ಎಣಿಸದೆ ಅಂಕಣದಿಂದ ಎಣಿಸುತ್ತಿದ್ದ ಕಾಲ ಅದು.

ಪುಣೆಯಲ್ಲಿ ಕೆಲಸದಲ್ಲಿರುವ ನನ್ನ ಮಗ ಹೊಸ ಮನೆಯ ನಕಾಶೆ ಮಾಡಿಸಿ ಫೋನಿಗೆ ಕಳಿಸಿದ್ದ. ನೋಡಲು ಚಂದವಿತ್ತು. ಜಾಗ ಇಪ್ಪತ್ತೆಂಟು ಅಡಿ ಅಗಲ, ನಲವತ್ತೈದು ಅಡಿ ಉದ್ದ, ಪೂರ್ವಕ್ಕೆ ರಸ್ತೆ. ಮುಂದೆ ಹತ್ತಡಿ ಕಾರು ನಿಲ್ಲಲು. ಅದರ ಹಿಂದೆ ಹದಿನಾರು ಅಡಿಯ ಹಾಲ್. ಹಾಲಿನೊಳಗೇ ಮೆಟ್ಟಿಲು, ಮೆಟ್ಟಿಲ ಕೆಳಗೆ ಪಾಯಖಾನೆ. ಹಿಂದೆ ಎಡಕ್ಕೆ ಅಡುಗೆಮನೆ, ಬಲಕ್ಕೆ ಒಂದು ಬೆಡ್‌ರೂಮ್. ಅದರ ಹಿಂದೆ ಆರಡಿ ಬಯಲು ಬಿಟ್ಟಿದ್ದರು, ಆದರೆ ಆ ಬಯಲಿಗೆ ಹೋಗಲು ಬಾಗಿಲೇ ಇರಲಿಲ್ಲ!

ಎಂಬತ್ತು ದಾಟಿದ ನಮ್ಮ ಅವ್ವನಿಗೆ ಅದನ್ನು ದೊಡ್ಡದು ಮಾಡಿ ತೋರಿಸಿದೆ. ಒಂದೊಂದೇ ಕೋಣೆ ಹೇಳಿಸಿಕೊಂಡಳು. ಕಡೆಗೆ ಒಂದೇ ಮಾತು ಕೇಳಿದಳು: “ಎಲ್ಲಾ ಖರೆ ತಮ್ಮಾ, ಇದರಾಗ ಪಡಸಾಲಿ ಎಲ್ಲದ? ನನ್ನ ಹೊರಸು ಎಲ್ಲಿ ಹಾಕ್ತೀರಿ?”

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋಗಿ ಬರೆದದ್ದು ಈ ಲೇಖನ. ನಮ್ಮ ಮನೆಗಳ ನೆಲ ಹೇಗಿತ್ತು, ಯಾಕೆ ಹಾಗಿತ್ತು, ಯಾವಾಗ ಬದಲಾಯಿತು ಎನ್ನುವುದು ಒಂದು ಮನೆಯ ಮಾತಲ್ಲ. ಸೊಲ್ಲಾಪುರದಿಂದ ಉಮರ್ಗಾ ತನಕ, ಇತ್ತ ಜತ್ತ, ಇಂಡಿ, ಆಳಂದದ ತನಕ ಬಯಲುಸೀಮೆಯ ಎಲ್ಲ ಊರಿನ ಮಾತು.

ಹಳೇ ಮನೆಗೆ ರಸ್ತೆಯಿಂದ ನೇರವಾಗಿ ಒಳಗೆ ಬರುವಂತಿರಲಿಲ್ಲ. ಮೊದಲು ತಲಬಾಗಿಲು, ಅದರ ಒಳಗೆ ಎರಡೂ ಕಡೆ ಕಟ್ಟೆ ಇರುವ ಬಂಕ. ಬಂಕದಲ್ಲಿ ನಿಂತವನಿಗೆ ಒಳಗಿನ ಗೋಡೆ ಕಾಣುತ್ತಿತ್ತೇ ಹೊರತು ಮನೆಯ ಮಂದಿ ಕಾಣುತ್ತಿರಲಿಲ್ಲ. ಪಕ್ಕಕ್ಕೆ ಹೊರಳಿದರೆ ಬಯಲು ಅಂಗಳ. ಅಂಗಳದ ಒಂದು ಮಗ್ಗುಲಿಗೆ ದನದ ಮನೆ, ಗೋದಲಿ, ಮೇಲೆ ಕಣಕಿ ಒಟ್ಟುವ ಜಾಗ. ಎದುರಿಗೆ ಎರಡು ಮೆಟ್ಟಿಲೇರಿದರೆ ಪಡಸಾಲೆ. ಅದಕ್ಕೆ ಮುಂದೆ ಗೋಡೆ ಇಲ್ಲ, ಕಂಬಗಳಷ್ಟೇ. ಅದರ ಹಿಂದೆ ನಡುಮನೆ, ನಡುಮನೆಯ ಒಂದು ಮೂಲೆಗೆ ದೇವರ ಜಗಲಿ, ಇನ್ನೊಂದು ಬದಿಗೆ ಅಡುಗೆಮನೆ, ಅದಕ್ಕೂ ಹಿಂದೆ ಬಚ್ಚಲು ಮತ್ತು ಹಿತ್ತಲ ಬಾಗಿಲು. ನಡುಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಮಳೆ ಬಂದಾಗ ಯಾರಾದರೂ ಓಡಿಹೋಗಿ ಅದರ ಮೇಲೆ ಗಡಿಗೆಯೋ ಕಲ್ಲೋ ಮುಚ್ಚಬೇಕು. ಸಣ್ಣವನಿದ್ದಾಗ ಆ ಕೆಲಸ ನನ್ನದೇ ಇತ್ತು.

ಈ ರಚನೆ ಸುಮ್ಮನೆ ಬಂದದ್ದಲ್ಲ. ಮೊದಲ ಕಾರಣ ಬಿಸಿಲು. ನಮ್ಮಲ್ಲಿ ಚೈತ್ರ, ವೈಶಾಖದಲ್ಲಿ ನಲವತ್ತು ಡಿಗ್ರಿ ದಾಟುವುದು ವಿಶೇಷವೇ ಅಲ್ಲ. ಎರಡು ಮೂರು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಮೇಲೆ ಒಂದೆರಡು ಅಡಿ ಮಣ್ಣು. ಹಗಲಿನ ಕಾವು ಒಳಗೆ ಇಳಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಆಮೇಲೆ ಮಂದಿ ಮಾಳಿಗೆ ಏರಿ ಅಲ್ಲಿ ಮಲಗುವವರು. ಎರಡನೆಯ ಕಾರಣ ಭಯ. ಅಕ್ಕಲಕೋಟೆ ಭೋಸಲೆ ಮನೆತನದ ಸಂಸ್ಥಾನ, ಅದರ ಗಡಿ ದಾಟಿದರೆ ನಿಜಾಮನ ಮೊಗಲಾಯಿ. ಎರಡು ಆಡಳಿತಗಳ ಸಂದಿಯಲ್ಲಿರುವ ಊರಿಗೆ ಕಳ್ಳಕಾಕರ ಕಾಟ ಹೆಚ್ಚು. ಈ ಕಡೆ ಲೂಟಿ ಮಾಡಿ ಆ ಕಡೆ ಹಾರಿದರೆ ಹಿಡಿಯುವವರಾರು? 1948ರಲ್ಲಿ ರಜಾಕಾರರ ಗದ್ದಲದಲ್ಲಿ ಗಡಿಯಾಚೆಯ ನೆಂಟರು ಎತ್ತು, ಗಾಡಿ, ಮಕ್ಕಳು ಮರಿ ಕಟ್ಟಿಕೊಂಡು ನಮ್ಮ ಊರುಗಳಿಗೆ ಬಂದು, ನಮ್ಮ ಅಂಗಳದಲ್ಲೇ ಒಲೆ ಹೂಡಿದ್ದರಂತೆ. ಒಂದೇ ತಲಬಾಗಿಲು, ಬೀದಿಯ ಕಡೆ ಕಿಟಕಿಯಿಲ್ಲದ ಗೋಡೆ, ಹೊರಳಿ ಒಳಗೆ ಬರುವ ದಾರಿ, ಇವಕ್ಕೆಲ್ಲ ಅರ್ಥ ಬರುವುದು ಆ ಕಾಲದಲ್ಲಿ ನಿಂತು ನೋಡಿದಾಗ.

ಮೂರನೆಯದು ಕಾಳು. ಅದರ ಮಾತು ಮುಂದೆ ಬರುತ್ತದೆ.

ಹಳೆಯದನ್ನು ಹೊಗಳುವುದು ಸುಲಭ, ಅದಕ್ಕೇ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅಡುಗೆಮನೆಯ ಹೊಗೆ ಹೋಗಲು ಬೆಳಕಿಂಡಿ ಬಿಟ್ಟರೆ ದಾರಿ ಇರಲಿಲ್ಲ. ನಮ್ಮ ಆಯಿಯ ಕಣ್ಣು ಹೋದದ್ದು ಒಲೆಯ ಮುಂದೆ ಅಂತ ಅವ್ವ ಈಗಲೂ ಹೇಳುತ್ತಾಳೆ. ಬಾಣಂತಿಯರನ್ನು ಮಲಗಿಸುತ್ತಿದ್ದದ್ದು ಮನೆಯಲ್ಲೇ ಕತ್ತಲೆ ಹೆಚ್ಚಿದ್ದ ಮೂಲೆಯಲ್ಲಿ. ಪಾಯಖಾನೆ ಅಂತೂ ಇಲ್ಲವೇ ಇಲ್ಲ. ಹೆಣ್ಣುಮಕ್ಕಳು ಕತ್ತಲಾಗುವುದನ್ನು ಕಾಯಬೇಕು. ಇನ್ನು ಬಂಕ ಮತ್ತು ಪಡಸಾಲೆ ಅಂದರೆ ಊರಿನ ಜಾತಿಯ ನಕಾಶೆಯೇ ಆಗಿತ್ತು. ಪಡಸಾಲೆಯ ಕಂಬಳಿ ಮೇಲೆ ಕೂಡುವವರು ಯಾರು, ಬಂಕದ ಕಟ್ಟೆಯ ತನಕ ಬರುವವರು ಯಾರು, ಕಟ್ಟೆಯನ್ನೂ ಏರದೆ ಬಿಸಿಲಲ್ಲಿ ನಿಂತು ಮಾತಾಡಿ ಹೋಗಬೇಕಾದವರು ಯಾರು ಎನ್ನುವುದು ಯಾರೂ ಹೇಳದೆ ಎಲ್ಲರಿಗೂ ಗೊತ್ತಿತ್ತು. ನಮ್ಮ ಹೊಲದಲ್ಲಿ ನಲವತ್ತು ವರ್ಷ ದುಡಿದವನೊಬ್ಬ ನಮ್ಮ ಪಡಸಾಲೆ ಏರಿದ್ದನ್ನು ನಾನು ನೋಡಲಿಲ್ಲ. ಮಾಳಿಗೆಯ ಮಣ್ಣು ಹೊತ್ತವನೂ ಅವನೇ. ಇದನ್ನು ಬಿಟ್ಟು ಪಡಸಾಲೆಯ ಇತಿಹಾಸ ಬರೆದರೆ ಅರ್ಧ ಬರೆದಂತೆ.

ಈ ಮನೆಗಳ ಮೇಲಿನ ನಂಬಿಕೆ ಒಂದೇ ರಾತ್ರಿಯಲ್ಲಿ ಹೋಯಿತು. 1993ರ ಸೆಪ್ಟೆಂಬರ್ 30, ನಸುಕಿನ ನಾಲ್ಕಕ್ಕೆ ನಾಲ್ಕು ನಿಮಿಷ ಕಡಿಮೆ. ಹಿಂದಿನ ದಿನ ಅನಂತ ಚತುರ್ದಶಿ, ಗಣಪತಿ ಕಳಿಸಿ ಮಂದಿ ದಣಿದು ಮಲಗಿದ್ದರು. ಲಾತೂರ ಜಿಲ್ಲೆಯ ಕಿಲ್ಲಾರಿ, ಆಗಿನ ಉಸ್ಮಾನಾಬಾದ ಜಿಲ್ಲೆಯ ಸಾಸ್ತೂರ, ಸುತ್ತಲಿನ ಹಳ್ಳಿಗಳು ಮಣ್ಣಾದವು. ಸತ್ತವರು ಎಂಟರಿಂದ ಹತ್ತು ಸಾವಿರ. ನಮ್ಮೂರಲ್ಲಿ ಹೊರಸು ಅಲುಗಾಡಿ ಎದ್ದೆವು, ಮಾಡದಲ್ಲಿದ್ದ ಪಣತಿ ಕೆಳಗೆ ಬಿತ್ತು, ಹಿತ್ತಲ ಗೋಡೆ ಉದ್ದಕ್ಕೆ ಸೀಳಿತು. ಅಷ್ಟೇ. ಎರಡನೆಯ ದಿನ ಊರವರೆಲ್ಲ ಕೂಡಿ ಬಡಿದ ಕಟಕರೊಟ್ಟಿ, ಶೇಂಗಾದ ಹಿಂಡಿ ಒಂದು ಟ್ರಕ್ಕಿಗೆ ಹೇರಿಕೊಂಡು ಉಮರ್ಗಾ ಕಡೆ ಹೋದವರಲ್ಲಿ ನಾನೂ ಒಬ್ಬ. ಅಲ್ಲಿ ಕಂಡದ್ದನ್ನೆಲ್ಲ ಬರೆಯುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ: ಊರು ಇದ್ದ ಜಾಗದಲ್ಲಿ ಬೀದಿ ಯಾವುದು, ಮನೆ ಯಾವುದು ಅಂತ ತಿಳಿಯುತ್ತಿರಲಿಲ್ಲ. ಎಲ್ಲ ಒಂದೇ ಕಲ್ಲಿನ ರಾಶಿ.

ಆಗಿನ ಸರಕಾರಿ ಭೂಕಂಪ ನಕಾಶೆಯಲ್ಲಿ ಆ ಭಾಗ ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. ಹಿಂದಿನ ವರ್ಷ ಕಿಲ್ಲಾರಿಯಲ್ಲಿ ಸಣ್ಣ ಸಣ್ಣ ನಡುಕ ಬಂದಿದ್ದರೂ ಇಷ್ಟು ದೊಡ್ಡದು ಬಂದೀತು ಅಂತ ಯಾರೂ ಎಣಿಸಿರಲಿಲ್ಲ. 2002ರಲ್ಲಿ ನಕಾಶೆ ಬದಲಾಗಿ ಒಂದನೇ ವಲಯ ಅನ್ನುವುದೇ ಇಲ್ಲವಾಯಿತು, ಲಾತೂರ ಸೀಮೆ ಮೂರನೇ ವಲಯಕ್ಕೆ ಬಂತು.

ಮನೆಗಳು ಯಾಕೆ ಹಾಗೆ ಬಿದ್ದವು? ದಪ್ಪ ಗೋಡೆ ಅಂತ ನಾವು ಹೆಮ್ಮೆಪಡುತ್ತಿದ್ದೆವಲ್ಲ, ಅದು ನಿಜಕ್ಕೂ ಒಂದು ಗೋಡೆ ಅಲ್ಲ, ಎರಡು. ಹೊರಮೈಗೆ ಒಂದು ಕಲ್ಲುಸಾಲು, ಒಳಮೈಗೆ ಒಂದು, ನಡುವೆ ಜಲ್ಲಿ ಮಣ್ಣು. ಎರಡನ್ನೂ ಹಿಡಿದು ನಿಲ್ಲುವ ಉದ್ದ ಕಲ್ಲನ್ನು ಗೌಂಡಿಗಳು ಅಲ್ಲಲ್ಲಿ ಹಾಕಬೇಕಿತ್ತು, ಬಹಳ ಕಡೆ ಹಾಕಿರಲಿಲ್ಲ. ನೆಲ ಅಲುಗಿದಾಗ ಎರಡೂ ಮೈ ಬಿಟ್ಟುಕೊಂಡವು. ಮೇಲಿನ ಮಾಳಿಗೆಗೆ ಪ್ರತಿ ವರ್ಷ ಮಳೆಗೆ ಮುಂಚೆ ಹಳೇ ಊರದಿಬ್ಬದ ಬಿಳಿ ಮಣ್ಣು ಹಾಕುತ್ತೇವೆ, ಹಳೆಯದನ್ನು ಯಾರೂ ತೆಗೆಯುವುದಿಲ್ಲ. ಮೂರು ತಲೆಮಾರು ಕಳೆದರೆ ಆ ಭಾರ ಎಷ್ಟಾಗಿರಬೇಕು! ಬಂದದ್ದು ಭೂಕಂಪ, ಕೊಂದದ್ದು ಮಾಳಿಗೆ ಅಂತ ಆಗ ಜನ ಅಂದದ್ದು ಸುಳ್ಳಲ್ಲ.

ಆದರೆ ಅದರಲ್ಲೂ ಒಂದು ವಿಶೇಷ ನೋಡಿ. ಮಾಳಿಗೆಯ ಭಾರ ಗೋಡೆಯ ಮೇಲೆ ಕೂತಿದ್ದ ಮನೆಗಳು ನೆಲಸಮವಾದವು. ಮಾಳಿಗೆ ಕಟ್ಟಿಗೆಯ ಕಂಬ ತೊಲೆಗಳ ಮೇಲೆ ನಿಂತು, ಗೋಡೆ ಬರೀ ಸುತ್ತುಗಟ್ಟಿದ್ದ ಮನೆಗಳಲ್ಲಿ ಎಷ್ಟೋ ಕಡೆ ಗೋಡೆ ಉದುರಿದರೂ ಕಂಬಗಳು ಮಾಳಿಗೆಯನ್ನು ಹೊತ್ತು ಹಾಗೇ ನಿಂತಿದ್ದವು. ಅಂದರೆ ಅಂಕಣ ಲೆಕ್ಕದಲ್ಲಿ ಸರಿಯಾಗಿ ಕಟ್ಟಿದ ಮನೆ ಉಳಿಯಿತು, ಕಂಬ ಉಳಿಸಿ ಗೋಡೆಗೆ ತೊಲೆ ಏರಿಸಿದ ಮನೆ ಹೋಯಿತು. ಒಳ್ಳೆ ಕಟ್ಟಿಗೆಗೆ ದುಡ್ಡು ಬೇಕು. ಹೀಗಾಗಿ ಇದರಲ್ಲೂ ಬಡವರೇ ಹೆಚ್ಚು ಸತ್ತರು.

ಮುಂದಿನ ವರ್ಷಗಳಲ್ಲಿ ವಿಶ್ವಬ್ಯಾಂಕಿನ ಸಾಲದಿಂದ, ದಾನಿಗಳ ನೆರವಿನಿಂದ ಸರಕಾರ 52 ಊರುಗಳನ್ನು ಹೊಸ ಜಾಗಕ್ಕೆ ಎಬ್ಬಿಸಿ ಕಟ್ಟಿತು. ನಮ್ಮ ಕಡೆಯ ಜಿಲ್ಲೆಗಳೂ ಸೇರಿ ಲಕ್ಷಕ್ಕೂ ಮೀರಿ ಹಳೇ ಮನೆಗಳ ದುರಸ್ತಿಗೆ ಸಹಾಯ ಸಿಕ್ಕಿತು. ಹೊಸ ಊರುಗಳಲ್ಲಿ ಮನೆಯ ಅಳತೆ ಹೊಲದ ಅಳತೆಯ ಮೇಲೆ. ಹೊಲ ಇಲ್ಲದವರಿಗೆ ಮತ್ತು ತೀರ ಕಡಿಮೆ ಇದ್ದವರಿಗೆ 250 ಚದರಡಿ, ನಡುವಿನವರಿಗೆ 400, ದೊಡ್ಡ ಹಿಡುವಳಿದಾರರಿಗೆ 750. ರಸ್ತೆಗಳು ಅಗಲ, ನೇರ, ಪೇಟೆಯ ಕಾಲೋನಿಯ ಹಾಗೆ ಸಾಲುಸಾಲು ಮನೆ.

ಆ ಮನೆಗಳು ಗಟ್ಟಿಯಾಗಿದ್ದವು, ಮಂದಿಗೆ ಅದೇ ದೊಡ್ಡ ಸಮಾಧಾನ. ಆದರೆ ಒಳಗೆ ಬದುಕಲು ಹೋದಾಗ ತೊಡಕು ಶುರುವಾಯಿತು. ಬಾಗಿಲು ನೇರ ರಸ್ತೆಗೆ. ಅಂಗಳವಿಲ್ಲ. ರೊಟ್ಟಿ ಬಡಿಯುವ ಹೆಣ್ಣುಮಗಳು ಹಾದಿಹೋಕರ ಕಣ್ಣಿಗೆ ಬೀಳುತ್ತಾಳೆ. ದನಕ್ಕೆ ಜಾಗವಿಲ್ಲ, ಕಣಕಿಗೆ ಜಾಗವಿಲ್ಲ, ಜೋಳದ ಚೀಲಕ್ಕೆ ಜಾಗವಿಲ್ಲ. ಪಾಯಖಾನೆ ಕಟ್ಟಿಕೊಟ್ಟಿದ್ದರು, ನೀರು ಇರಲಿಲ್ಲ. ಹೀಗಾಗಿ ಎಷ್ಟೋ ಮನೆಗಳಲ್ಲಿ ಅದರೊಳಗೆ ಕುಳ್ಳು ಕಟ್ಟಿಗೆ ಒಟ್ಟಿದರು. ಕೆಲವು ವರ್ಷ ಬಿಟ್ಟು ಹೋಗಿ ನೋಡಿದರೆ ಆ ಊರುಗಳ ರೂಪವೇ ಬದಲಾಗಿತ್ತು. ಮುಂದೆ ತಗಡಿನ ಚಪ್ಪರ ಇಳಿಸಿ ಪಡಸಾಲೆ ಮಾಡಿಕೊಂಡಿದ್ದರು. ಸುತ್ತ ಗೋಡೆ ಎಬ್ಬಿಸಿ ಅಂಗಳ ಮಾಡಿಕೊಂಡಿದ್ದರು. ಹಿಂದೆ ಒಲೆ, ಪಕ್ಕದಲ್ಲಿ ಗೋದಲಿ. ಇಂಜಿನಿಯರರು ಬಿಟ್ಟದ್ದನ್ನು ಜನ ತಾವೇ ಒಂದೊಂದಾಗಿ ಸೇರಿಸಿಕೊಂಡಿದ್ದರು. ಆದರೆ ಅವಸರಕ್ಕೆ ಕಟ್ಟಿದ ಆ ಗೋಡೆಗಳಲ್ಲಿ ಬಹಳಷ್ಟು ಮತ್ತೆ ಹಳೇ ತಪ್ಪಿನ ಕಲ್ಲುಮಣ್ಣಿನ ಗೋಡೆಗಳೇ. ಮೊದಲೇ ನಕಾಶೆಯಲ್ಲಿ ಕೇಳಿ ಸೇರಿಸಿದ್ದರೆ ಅವೂ ಗಟ್ಟಿಯಾಗಿಯೇ ನಿಲ್ಲುತ್ತಿದ್ದವು.

ನನ್ನ ಮಗನ ನಕಾಶೆ ನೋಡಿದಾಗ ನನಗೆ ನೆನಪಾದದ್ದು ಇದು. ಈಗ ಸೋಲಾಪುರದಲ್ಲಾಗಲಿ ಕಲಬುರ್ಗಿಯಲ್ಲಾಗಲಿ ಬರೆಯುವ ನಕಾಶೆಗಳು ಆ ಸಾಲುಮನೆಗಳ ತಮ್ಮಂದಿರೇ. ಹಾಲ್, ಕಿಚನ್, ಬೆಡ್‌ರೂಮ್.

ನಾನು ಫೋನಿನಲ್ಲಿ ವಾದ ಮಾಡಲಿಲ್ಲ. ದೀಪಾವಳಿಗೆ ಮಗ ಬಂದಾಗ, ಬಿಚ್ಚಿದ ಜಾಗ ಸಪಾಟು ಮಾಡಿ, ಗೌಂಡಿಯನ್ನು ಕರೆಸಿ, ಇಡೀ ನಕಾಶೆಯನ್ನು ಸುಣ್ಣದ ಪುಡಿಯಿಂದ ನೆಲದ ಮೇಲೆ ಇದ್ದ ಅಳತೆಗೇ ಬರೆಸಿದೆ. ಮನೆ ಕಟ್ಟುವ ಯಾರಾದರೂ ಇದನ್ನು ಮಾಡಿ ನೋಡಬೇಕು, ಖರ್ಚು ಒಂದು ಚೀಲ ಸುಣ್ಣ. ಗೆರೆಯೊಳಗೆ ಹೊರಸು ತಂದು ಹಾಕಿದೆವು, ಜೋಳದ ಚೀಲ ಇಟ್ಟೆವು, ಗ್ಯಾಸಿನ ಕಟ್ಟೆಗೆ ಒಂದು ಹಲಗೆ ಹಾಕಿದೆವು. ಆಮೇಲೆ ಅವ್ವ ಅದರೊಳಗೆ ಕೋಲು ಹಿಡಿದು ಅಡ್ಡಾಡಿದಳು. ಬಾಗಿಲು ಬಿಟ್ಟ ಕಡೆಯಿಂದಲೇ ಹೋಗಬೇಕು, ಗೆರೆ ದಾಟಬಾರದು ಅಂತ ಕರಾರು.

ಕಾಗದದಲ್ಲಿ ಕಾಣದ್ದು ನೆಲದ ಮೇಲೆ ಐದೇ ನಿಮಿಷದಲ್ಲಿ ಕಂಡಿತು. ಬೆಡ್‌ರೂಮಿನಿಂದ ಪಾಯಖಾನೆಗೆ ಹೋಗಲು ಮುದುಕಿ ಇಡೀ ಹಾಲ್ ದಾಟಬೇಕು, ಆ ಬಾಗಿಲು ತಲಬಾಗಿಲಿಗೆ ಎದುರಾಎದುರು. ಬೀಗರು ಬಂದು ಕೂತಾಗ ಆಕೆ ಅವರ ನಡುವೆ ನಡೆದು ಹೋಗಬೇಕು. “ಇದು ಛಲೋ ಆಯ್ತು, ಸಂತ್ಯಾಗ ಕೂತಂಗ” ಅಂದಳು. ಅಡುಗೆಮನೆಯಿಂದ ಪಾತ್ರೆ ತೊಳೆಯುವ ಬಯಲಿಗೆ ದಾರಿ ಇಲ್ಲ. ಒಂದು ಮೂಲೆಯಲ್ಲಿ ಚಂದ ಕಾಣಲಿ ಅಂತ ಕಿಟಕಿಯನ್ನು ಗೋಡೆಯ ತುದಿಗೇ ಒತ್ತಿದ್ದರು. ಗೌಂಡಿ ತಲೆ ಅಲ್ಲಾಡಿಸಿದ. ಭೂಕಂಪದ ದುರಸ್ತಿ ಕಾಲದಲ್ಲಿ ತರಬೇತಿ ತೆಗೆದುಕೊಂಡ ಮನುಷ್ಯ ಅವನು. “ಗುರೂಜಿ, ಮೂಲಿಯಿಂದ ಎರಡ ಫೂಟ ಆದ್ರೂ ಬಿಟ್ಟು ಕಿಡಕಿ ಇಡಬೇಕ್ರಿ. ಮನಿ ಬಿರಿಯೂದು ಮೂಲಿಯಿಂದನ” ಅಂದ.

ಅಷ್ಟರಲ್ಲಿ ಅವ್ವ ಹಾಲಿನ ನಡುವೆ ಒಂದು ಕಡೆ ನಿಂತು ಕೋಲಿನಿಂದ ನೆಲ ಬಡಿದಳು. “ಇಲ್ಲಿ ಕಂಬ ಏನು?” ಹೌದು, ಸುಣ್ಣದ ಚೌಕದಲ್ಲಿ ಅಲ್ಲೊಂದು ಪಿಲ್ಲರ್ ಇತ್ತು. “ಇದರ ಬುಡಕ್ಕ ಹಗೆ ಅದ.”

ನನಗೇ ಗೊತ್ತಿರಲಿಲ್ಲ. ಹಗೆ ಅಂದರೆ ಜೋಳ ತುಂಬುವ ನೆಲಮಾಳಿಗೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಕೊಡದ ಹಾಗೆ ಅಗಲ. ಬುಡಕ್ಕೆ, ಸುತ್ತ ಕಣಕಿ ಹುಲ್ಲು ಒತ್ತಿ, ಕಾಳು ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಇರುತ್ತಿತ್ತು. ಲೂಟಿಯವರಿಗೂ ಕಾಣದು, ಬೆಂಕಿಗೂ ಸಿಗದು. ಒಂದೇ ಅಪಾಯ, ತೆಗೆದ ಕೂಡಲೇ ಇಳಿಯಬಾರದು. ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಅವಸರ ಮಾಡಿ ಹಗೆಯೊಳಗೆ ಉಸಿರುಗಟ್ಟಿ ಸತ್ತವರ ಮಾತು ನಮ್ಮ ಸೀಮೆಯ ಎಲ್ಲ ಊರಲ್ಲೂ ಇದೆ.

ನಮ್ಮ ಹಗೆ 1972ರ ಬರದಲ್ಲಿ ಬರಿದಾಯಿತಂತೆ. ಅಪ್ಪ ಖಡಿ ಒಡೆಯುವ ಬರಗಾಲದ ಕಾಮಗಾರಿಗೆ ಹೋಗುವ ಮೊದಲು ಕಡೆಯ ಎರಡು ಚೀಲ ಮೇಲೆತ್ತಿದರು. ಮುಂದೆ ರೇಶನ್ ಅಂಗಡಿ ಬಂತು, ಹೈಬ್ರಿಡ್ ಜೋಳ ಬಂತು, ಅದು ಹಗೆಯಲ್ಲಿ ತಾಳದು ಅಂತ ಮತ್ತೆ ತುಂಬಲಿಲ್ಲ. ಬಾಯಿಗೆ ಪರಸಿ ಹಾಸಿ, ಮೇಲೆ ನೆಲ ಸಾರಿಸಿದರು. ಆಗ ನಾನು ಸಣ್ಣವ. ಐವತ್ತು ವರ್ಷ ಅದರ ಮೇಲೇ ಊಟ ಮಾಡಿ ಮಲಗಿದ್ದೇವೆ. ಅವ್ವ ಹೇಳದಿದ್ದರೆ ಎರಡು ಮಜಲಿನ ಭಾರ ಹೊರುವ ಪಿಲ್ಲರ್ ಒಂದು ಟೊಳ್ಳು ಗುಂಡಿಯ ಅಂಚಿಗೆ ನಿಲ್ಲುತ್ತಿತ್ತು. ಇಂಜಿನಿಯರನನ್ನು ಬಯ್ದು ಉಪಯೋಗವಿಲ್ಲ, ಹಳೇ ನೆಲದ ಮಾತು ಅವನಿಗೆ ನಾವೇ ಹೇಳಿರಲಿಲ್ಲ. ಅವ್ವನನ್ನು ನಾವೂ ಕೇಳಿರಲಿಲ್ಲ.

ಪರಸಿ ಎತ್ತಿಸಿ, ಎರಡು ದಿನ ಬಾಯಿ ತೆರೆದಿಟ್ಟು, ದೀಪ ಇಳಿಸಿ ನೋಡಿದೆವು. ಹನ್ನೊಂದು ಅಡಿ ಆಳ. ಬುಡದಲ್ಲಿ ಕಪ್ಪಾದ ಹುಲ್ಲು ಮತ್ತು ಒಂದು ಹಿಡಿ ಕಾಳಿನ ಬೂದಿ. ಹಳೇ ಗೋಡೆಯ ಕಲ್ಲು, ಮೇಲೆ ಗರಸು ಹಾಕಿ, ನೀರು ಹೊಡೆದು ಪದರಪದರ ಕುಟ್ಟಿ ತುಂಬಿಸಿದೆವು. ಆರು ಟ್ರಾಲಿ ಹಿಡಿಯಿತು. ಆದರೂ ಗೌಂಡಿ ಅದರ ಮೇಲೆ ಕಂಬ ಬೇಡವೆಂದ. ಇಂಜಿನಿಯರ್ ಬಂದು ನೋಡಿ ಪಿಲ್ಲರ್ ಸಾಲನ್ನು ನಾಲ್ಕಡಿ ಸರಿಸಿ ಲೆಕ್ಕ ಹಾಕಿಕೊಟ್ಟ. ಸಾಲು ಸರಿದ ಮೇಲೆ ನಕಾಶೆಯನ್ನೇ ಮತ್ತೆ ಬರೆಯಬೇಕಾಯಿತು. ನಮ್ಮ ಕೆಲಸ ಸುಲಭವಾದದ್ದು ಅದರಿಂದ.

ಮೆಟ್ಟಿಲು ಹಾಲಿನಿಂದ ಹೊರಗೆ ಬಂತು. ಮಾಳಿಗೆ ಮೇಲೆ ಮೆಣಸಿನಕಾಯಿ, ಶೇಂಗಾ ಒಣಹಾಕುವವರು ಮನೆಯೊಳಗೆ ಧೂಳು ತುಳಿಯುವುದು ತಪ್ಪಿತು. ಅಡುಗೆಮನೆ ಮತ್ತು ಬೆಡ್‌ರೂಮಿನ ನಡುವೆ ಮೂರಡಿ ಓಣಿ ಬಿಟ್ಟು, ಅದರ ತುದಿಗೆ ಹಿತ್ತಲ ಬಾಗಿಲು ಇಟ್ಟೆವು. ಬಚ್ಚಲು, ಪಾಯಖಾನೆ ಹಿಂದಿನ ಮೂಲೆಗೆ, ಓಣಿಯಿಂದಲೇ ಬಾಗಿಲು, ಹೊಸ್ತಿಲು ಎತ್ತರವಿಲ್ಲ, ಗೋಡೆಗೆ ಹಿಡಿಕೆ. ಅವ್ವನ ಕೋಣೆಯಿಂದ ಆರು ಹೆಜ್ಜೆ. ಬೆಡ್‌ರೂಮ್ ಹದಿಮೂರು ಅಡಿಯಿಂದ ಹತ್ತಕ್ಕೆ ಇಳಿಯಿತು. ಸೊಸೆಗೆ ಅದು ಬೇಸರವೇ, ಕಪಾಟು ಸಣ್ಣದಾಯಿತು ಅಂತ ಈಗಲೂ ಅನ್ನುತ್ತಾಳೆ. ತಲಬಾಗಿಲನ್ನು ಓಣಿಗೆ ನೇರ ಇಡದೆ ಎರಡಡಿ ಪಕ್ಕಕ್ಕೆ ಸರಿಸಿದೆವು. “ಗಾಳಿ ಬರಲಿ, ಕಣ್ಣು ಬರಬಾರದು” ಅಂತ ಅವ್ವನ ಲೆಕ್ಕ. ಪಾಯದ ಮೇಲೆ, ಬಾಗಿಲ ತಲೆಯ ಮಟ್ಟಕ್ಕೆ, ಸ್ಲ್ಯಾಬಿನ ಕೆಳಗೆ, ಮೂರೂ ಕಡೆ ಕಾಂಕ್ರೀಟಿನ ಪಟ್ಟಿ ಸುತ್ತ ಎಲ್ಲೂ ಕಡಿಯದಂತೆ ಹಾಯಿಸಿದೆವು. ಇದರಲ್ಲಿ ಒಂದು ರೂಪಾಯಿಯನ್ನೂ ಉಳಿಸಲು ನಾನು ಒಪ್ಪಲಿಲ್ಲ. ಕಿಲ್ಲಾರಿ ನೋಡಿ ಬಂದವನು ಹೇಗೆ ಒಪ್ಪಲಿ?

ಜಗಳ ಬಂದದ್ದು ಮುಂದಿನ ಹತ್ತಡಿಗೆ. ಅದರ ಅರ್ಧ ಪಡಸಾಲೆಗೆ ಬೇಕು ಅಂದೆ. ಹನ್ನೆರಡು ಅಡಿ ಅಗಲ, ಹತ್ತಡಿ ಆಳ, ಮುಂದೆ ಗೋಡೆ ಇಲ್ಲದೆ ಹಳೇ ಮನೆಯ ಎರಡು ಸಾಗವಾನಿ ಕಂಬ. ಅವು ಭಾರ ಹೊರುವುದಿಲ್ಲ, ಸ್ಲ್ಯಾಬು ಪಿಲ್ಲರ್ ಮೇಲೇ ಇದೆ. ರಸ್ತೆಗೆ ಹತ್ತಿಕೊಂಡೇ ಒಂದು ಉದ್ದ ಕಟ್ಟೆ, ಯಾರು ಬೇಕಾದರೂ ಕೂಡುವ ಹಾಗೆ, ಕೇಳದೆ ಏರುವ ಹಾಗೆ. ಗಾಡಿಗೆ ಹನ್ನೆರಡು ಅಡಿ. ಮಗ ಟೇಪು ಹಿಡಿದು ತನ್ನ ಕಾರು ಅಳೆದ. ಹದಿಮೂರು ಅಡಿ!

“ಅಪ್ಪಾ, ಕಾರು ಹಿಡಿಯೂದಿಲ್ಲ” ಅಂದ. ವರ್ಷಕ್ಕೆ ಎರಡು ಸಲ ಬರುವ ಕಾರಿಗೆ ಇಡೀ ಮುಖಪುಟ ಬಿಡುವುದೋ, ವರ್ಷವಿಡೀ ಇರುವವಳಿಗೆ ಬಿಡುವುದೋ ಅಂತ ನಾನು ಕೇಳಬೇಕು ಅಂದುಕೊಂಡೆ, ಕೇಳಲಿಲ್ಲ. ಅವನ ದುಡ್ಡು, ಅವನ ಸಾಲ. ಅವನೇ ಸುಣ್ಣದ ಗೆರೆಯೊಳಗೆ ಹಾಕಿದ್ದ ಆಯಿಯ ಹೊರಸಿನ ಮೇಲೆ ಬಹಳ ಹೊತ್ತು ಕೂತಿದ್ದ. ಹಾದಿಯಲ್ಲಿ ಹೋಗುವ ಇಬ್ಬರು ಮೂವರು ನಿಂತು, ಯಾವಾಗ ಬಂದಿ, ಮಕ್ಕಳು ಹ್ಯಾಂಗದಾರ ಅಂತ ಮಾತಾಡಿಸಿ ಹೋದರು. ಎದ್ದಾಗ ಗೌಂಡಿಗೆ “ಅಪ್ಪ ಹೇಳಿದಂಗ ಮಾಡ್ರಿ” ಅಂದ.

ಈ ವರ್ಷ ಜಾತ್ರೆಗೆ ಬಂದಾಗ ಕಾರನ್ನು ಎದುರಿನ ಬೇವಿನ ಗಿಡದ ಕೆಳಗೆ ನಿಲ್ಲಿಸಿದ್ದ. ಸಂಜೆಗೆ ಅಡ್ಡಮಳೆ ಹಿಡಿಯಿತು. ಪಡಸಾಲೆಯಲ್ಲಿ ನಿಂತು, “ಆಯೀ, ಕಾರು ತೊಯ್ಲಿಕತ್ತದ ನೋಡು” ಅಂದ. ಅವ್ವ ಹೊರಸಿನ ಮೇಲೆ ಕೌದಿ ಹೊದ್ದುಕೊಂಡು ಕೂತಿದ್ದಳು.

“ತೊಯ್ದರ ತೊಯ್ಲಿ ಬಿಡು. ಅದಕ್ಕೇನು ನೆಗಡಿ ಆಗ್ತದೇನು?”